ಹಾಸನ, ಹಸ್ಸನ್, ಆಸ್ನ: ಬರುವ ಇಂಗ್ಲಿಷೂ ತಿಳಿಯದಿರುವುದೇಕೆ?

ಬೆಂಗಳೂರು–ಹುಬ್ಬಳ್ಳಿ ರೈಲು ದಾರಿಯಲ್ಲಿ ಅರಸೀಕೆರೆ ದೊಡ್ಡ ಜಂಕ್ಷನ್. ಮೈಸೂರು, ಹಾಸನದ ಕಡೆಯ ಹಳಿ ಬಂದು ಸೇರುವುದು ಇಲ್ಲಿಗೇ. ಬೇಲೂರು, ಹಳೇಬೀಡು ನೋಡಲೆಂದು ರೈಲು ಹತ್ತಿದ ಹೊರಗಿನವರು ಇಳಿಯುವುದು ಒಂದೋ ಇಲ್ಲಿ, ಇಲ್ಲವೇ ಹಾಸನದಲ್ಲಿ. ಇಳಿದ ಕೂಡಲೇ ಅವರಿಗೆ ಎದುರಾಗುವ ತೊಡಕು ಊರಿನ ಹೆಸರಿನದು. ಹಾಸನವನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಎರಡು 'ಎಸ್' ಹಾಕುವ ರೂಢಿ ಇದೆ. ಅದನ್ನು ಓದಿಕೊಂಡು ಬಂದವರು 'ಹಸ್ಸನ್' ಬಸ್ ಯಾವುದು ಎಂದು ಕೇಳುತ್ತಾರೆ. ಬಸ್ಸಿನ ಬಾಗಿಲಲ್ಲಿ ನಿಂತ ಕಂಡಕ್ಟರು 'ಆಸ್ನ ಆಸ್ನ ಆಸ್ನ' ಎಂದು ಕೂಗುತ್ತಿರುತ್ತಾರೆ. ಎರಡೂ ಒಂದೇ ಊರು ಎಂಬುದು ಪ್ರವಾಸಿಗೂ ಹೊಳೆಯುವುದಿಲ್ಲ, ಕಂಡಕ್ಟರಿಗೂ ಹೊಳೆಯುವುದಿಲ್ಲ. ಬಸ್ಸು ಹೊರಟುಹೋಗುತ್ತದೆ.

ಇಂಥ ಪ್ರಸಂಗಗಳನ್ನು ಭಾಷೆ ಬಾರದವರ ಪಾಡು ಎಂದು ತಳ್ಳಿಹಾಕುವುದು ಸುಲಭ. ಆದರೆ ಇಲ್ಲಿರುವುದು ಅದಕ್ಕಿಂತ ಗಹನವಾದ ಪ್ರಶ್ನೆ. ಇಬ್ಬರಿಗೂ ಇಂಗ್ಲಿಷ್ ಬರುತ್ತದೆ, ಆದರೂ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಸ್ಕಾಟ್ಲೆಂಡಿನಿಂದ ಹಳೇಬೀಡಿಗೆ ಬಂದವರ ಕಷ್ಟವೂ, ಮಗಳ ಬಾಣಂತನಕ್ಕೆಂದು ಅರಸೀಕೆರೆಯಿಂದ ಸ್ಕಾಟ್ಲೆಂಡಿಗೆ ಹೋದ ತಾಯಿಯ ಕಷ್ಟವೂ ಮೂಲದಲ್ಲಿ ಒಂದೇ. ಈ ಕಷ್ಟ ಎಲ್ಲಿಂದ ಹುಟ್ಟುತ್ತದೆ, ಬಲ್ಲವರು ಅದರ ಬಗ್ಗೆ ಏನು ಕಂಡುಕೊಂಡಿದ್ದಾರೆ, ಅದರ ಹೊರೆ ಯಾರ ಹೆಗಲ ಮೇಲೆ ಬೀಳುತ್ತಿದೆ, ಅದನ್ನು ಹಗುರ ಮಾಡಲು ಏನು ಸಾಧ್ಯ ಎಂಬುದನ್ನು ಒಟ್ಟಿಗೆ ಇಟ್ಟು ನೋಡುವ ಕಾಲ ಬಂದಿದೆ.

ಕಾಲ ಬಂದಿದೆ ಎನ್ನಲು ಕಾರಣವಿದೆ. 2023ರ ಸೆಪ್ಟೆಂಬರ್ 18ರಂದು ರಿಯಾದ್‌ನಲ್ಲಿ ನಡೆದ ಅಧಿವೇಶನದಲ್ಲಿ ಯುನೆಸ್ಕೋ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವು ಭಾರತದ 42ನೇ ತಾಣ. ಪಟ್ಟಿಗೆ ಸೇರುವುದೆಂದರೆ ಕಲ್ಲನ್ನು ಕಾಪಾಡುವ ಹೊಣೆ ಮಾತ್ರವಲ್ಲ, ಬಂದವರಿಗೆ ಆ ಕಲ್ಲಿನ ಕಥೆ ತಿಳಿಯುವಂತೆ ಹೇಳುವ ಹೊಣೆಯೂ ಹೌದು.

ದೇವಸ್ಥಾನದ ಅಂಗಳದಲ್ಲಿ

ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾದದ್ದು. ಅಲ್ಲಿಯ ಗೈಡುಗಳು ಜಗತಿಯ ಸುತ್ತ ಕರೆದೊಯ್ಯುತ್ತ ದರ್ಪಣಸುಂದರಿಯನ್ನು, ಶುಕಭಾಷಿಣಿಯನ್ನು, ಆನೆ, ಸಿಂಹ, ಕುದುರೆಗಳ ಪಟ್ಟಿಕೆಗಳನ್ನು ತೋರಿಸುತ್ತ ಇಂಗ್ಲಿಷಿನಲ್ಲಿ ನಿರರ್ಗಳವಾಗಿ ವಿವರಿಸುತ್ತಾರೆ. ಅನೇಕರು ಈ ಮಾತುಗಾರಿಕೆಯನ್ನು ಶಾಲೆಯಲ್ಲಿ ಕಲಿತವರಲ್ಲ. ಹಿರಿಯ ಗೈಡುಗಳ ಹಿಂದೆ ನಡೆದು, ಕೇಳಿ, ಬಾಯಿಪಾಠ ಮಾಡಿ ಕಲಿತವರು. ಈ ಕಲಿಕೆಯ ಬಗ್ಗೆ ಗೌರವ ಇರಬೇಕು. ಆದರೆ ಅದರ ಮಿತಿಯೂ ಅಲ್ಲೇ ಇದೆ. ಹೇಳುವುದಕ್ಕೆ ನಾಲಗೆ ಪಳಗಿದೆ, ಕೇಳುವುದಕ್ಕೆ ಕಿವಿ ಪಳಗಿಲ್ಲ. ಪ್ರವಾಸಿ ನಡುವೆ ತಡೆದು, ಈ ಕಂಬಗಳನ್ನು ತಿರುಗಣೆಗೆ ಹಾಕಿ ಕಡೆದದ್ದು ಹೇಗೆ, ಬಳಪದ ಕಲ್ಲು ಎಲ್ಲಿಂದ ಬಂತು ಎಂದು ತನ್ನ ಊರಿನ ಧಾಟಿಯಲ್ಲಿ ಕೇಳಿದಾಗ ಗೈಡಿನ ಮಾತು ನಿಲ್ಲುತ್ತದೆ. ಉತ್ತರ ಗೊತ್ತಿರುತ್ತದೆ, ಪ್ರಶ್ನೆ ಕಿವಿಗೆ ಬಿದ್ದಿರುವುದಿಲ್ಲ.

ದೇವಸ್ಥಾನದೊಳಗೆ ಕಲ್ಲೇ ನೆರವಿಗೆ ಬರುತ್ತದೆ. ಹಳೇಬೀಡಿನ ಹೊಯ್ಸಳೇಶ್ವರದ ಗೋಡೆಯ ಮೇಲೆ ರಾಮಾಯಣ, ಮಹಾಭಾರತದ ಕಥೆಗಳು ಸಾಲಾಗಿ ನಿಂತಿರುವಾಗ ಬೆರಳು ತೋರಿಸಿದರೆ ಅರ್ಧ ಮಾತು ಮುಗಿದಂತೆ. ಅಂಗಳದಿಂದ ಹೊರಗೆ ಬಂದ ಮೇಲೆ ಆ ಆಸರೆ ಇಲ್ಲ. ಆಟೋ ಬಾಡಿಗೆ, ಕೊನೆಯ ಬಸ್ಸಿನ ಹೊತ್ತು, ಔಷಧಿ ಅಂಗಡಿ, ಊಟಕ್ಕೆ ಹಾಕಿದ ಪದಾರ್ಥ ಇವೆಲ್ಲ ಬರೀ ಮಾತಿನಿಂದಲೇ ಬಗೆಹರಿಯಬೇಕು. ಹದಿನೈದಕ್ಕೂ ಐವತ್ತಕ್ಕೂ ಇಂಗ್ಲಿಷಿನಲ್ಲಿ ಕಿವಿಗೆ ಬೀಳುವ ಅಂತರ ತೀರ ಸಣ್ಣದು, ಬಾಡಿಗೆಯ ಜಗಳಕ್ಕೆ ಅಷ್ಟು ಸಾಕು.

ಈ ಮಾತಿಗೆ ವಿದೇಶಿಯರೇ ಬೇಕಾಗಿಲ್ಲ ಎಂಬುದನ್ನೂ ಗಮನಿಸಬೇಕು. ಕೋಲ್ಕತ್ತದ ಕುಟುಂಬ, ಕೊಚ್ಚಿಯ ಕಾಲೇಜು ತಂಡ, ಲುಧಿಯಾನದ ದಂಪತಿ ಬೇಲೂರಿಗೆ ಬಂದರೆ, ಹಿಂದಿ ನಡೆಯದ ಕಡೆ ಎಲ್ಲರೂ ಇಂಗ್ಲಿಷಿಗೇ ಬರುತ್ತಾರೆ. ಬಂಗಾಳಿಯ ಬಾಯಲ್ಲಿ 'ವೆರಿ' ಎಂಬುದು 'ಭೆರಿ' ಆಗುತ್ತದೆ. ಹಿಂದಿ ಸೀಮೆಯ ಕೆಲವರು 'ಸ್ಕೂಲ್' ಎನ್ನುವಲ್ಲಿ 'ಇಸ್ಕೂಲ್' ಎನ್ನುತ್ತಾರೆ, ಪಂಜಾಬಿಯ ಬಾಯಲ್ಲಿ ಅದು 'ಸಕೂಲ್' ಆಗುತ್ತದೆ. ಮಲಯಾಳಿಯ 'ಕಾಲೇಜ್' ನಮಗೆ 'ಕೋಳೇಜ್' ಎಂದು ಕೇಳಿಸುತ್ತದೆ. ಭಾರತದೊಳಗೇ ಇಂಗ್ಲಿಷಿಗೆ ಇಷ್ಟು ದನಿಗಳಿವೆ. ಹೊಯ್ಸಳ ದೇವಾಲಯಗಳ ಅಂಗಳದಲ್ಲಿ ಅವೆಲ್ಲ ಒಂದೇ ದಿನ ಕೇಳಿಸಬಹುದು.

ಕನ್ನಡದ ಕಿವಿ, ಕನ್ನಡದ ನಾಲಗೆ

ನಮ್ಮ ಇಂಗ್ಲಿಷಿನಲ್ಲಿಯೂ ನಮ್ಮ ಭಾಷೆ ಕೂತಿದೆ. ಕನ್ನಡದಲ್ಲಿ ಪದದ ಮೊದಲಿಗೆ ಬರುವ 'ಎ', 'ಒ' ಸ್ವರಗಳ ಮುಂದೆ ಮೆಲ್ಲಗೆ ಒಂದು 'ಯ'ಕಾರ, 'ವ'ಕಾರ ಸೇರಿಕೊಳ್ಳುತ್ತದೆ. ಹಾಗಾಗಿ 'ಎವೆರಿ' ಎಂಬುದು 'ಯೆವೆರಿ', 'ಓನ್ಲಿ' ಎಂಬುದು 'ವೋನ್ಲಿ' ಆಗುತ್ತದೆ. ಇಂಗ್ಲಿಷಿನ 'ವಿ' ಮತ್ತು 'ಡಬ್ಲ್ಯೂ' ನಮಗೆ ಒಂದೇ 'ವ'. ಇಂಗ್ಲಿಷರು ಹಲ್ಲಿನ ಹಿಂದಿನ ವಸಡಿಗೆ ನಾಲಗೆ ತಾಗಿಸಿ ನುಡಿಯುವ ವ್ಯಂಜನಗಳನ್ನು ನಾವು ನಾಲಗೆ ಹಿಂದಕ್ಕೆ ಮಡಿಸಿ 'ಟ', 'ಡ' ಎನ್ನುತ್ತೇವೆ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಪದದ ಮೊದಲ 'ಹ'ಕಾರ ಬಿದ್ದುಹೋಗುತ್ತದೆ. ಹಳೇಬೀಡು 'ಅಳೇಬೀಡು' ಆಗುವುದೂ ಹಾಸನ 'ಆಸ್ನ' ಆಗುವುದೂ ಹೀಗೆಯೇ. ಲಂಡನ್ನಿನ ದುಡಿಯುವ ಜನರ ಕಾಕ್ನಿ ಮಾತಿನಲ್ಲೂ 'ಹೌಸ್' ಎಂಬುದರ ಹಕಾರ ಬೀಳುತ್ತದೆ. ಹಾಸನದ ಕಂಡಕ್ಟರಿಗೂ ಲಂಡನ್ನಿನ ಸಂತೆಯ ವ್ಯಾಪಾರಿಗೂ ನಡುವೆ ಇಂಥದೊಂದು ನಂಟಿದೆ ಎಂದು ತಿಳಿದರೆ, ಹಕಾರ ಬಿಟ್ಟವರನ್ನು ಕೀಳಾಗಿ ಕಾಣುವ ಚಾಳಿ ಕಡಿಮೆಯಾದೀತು.

ಇನ್ನೂ ಸೂಕ್ಷ್ಮವಾದ ಒಂದು ಸಂಗತಿ ಉಸಿರಿನದು. ಇಂಗ್ಲಿಷರು 'ಪಾರ್ಕ್' ಎನ್ನುವಾಗ ಮೊದಲ ವ್ಯಂಜನದ ಜೊತೆ ಉಸಿರನ್ನು ಹೊರಚೆಲ್ಲುತ್ತಾರೆ, ಅದು ಮಹಾಪ್ರಾಣದ ಹತ್ತಿರ ಹೋಗುತ್ತದೆ. ನಾವು ಅದನ್ನು ಅಪ್ಪಟ ಅಲ್ಪಪ್ರಾಣವಾಗಿ ನುಡಿಯುತ್ತೇವೆ. ಉಸಿರು ಕಾಣದ ಇಂಗ್ಲಿಷ್ ಕಿವಿ ಅದನ್ನು 'ಬಾರ್ಕ್' ಎಂದು ಕೇಳಿಸಿಕೊಂಡರೆ ಆಶ್ಚರ್ಯವಿಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕು ಬರುವುದು ಒತ್ತಿನಿಂದ. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ತನ್ನ ಪಾಲಿನ ಕಾಲ ಸಿಗುತ್ತದೆ. ಲಘು–ಗುರುಗಳ ಲೆಕ್ಕದ ಮೇಲೆ ನಿಂತ ನಮ್ಮ ಛಂದಸ್ಸು ಇದಕ್ಕೆ ಸಾಕ್ಷಿ. ಬ್ರಿಟಿಷ್, ಅಮೆರಿಕನ್ ಇಂಗ್ಲಿಷಿನಲ್ಲಿ ಒಂದು ಪದದ ಒಂದು ಭಾಗದ ಮೇಲೆ ಬಲ ಬಿದ್ದು ಉಳಿದವು ಸೊರಗುತ್ತವೆ. 'ಹೋಟೆಲ್' ಎಂದು ನಾವು ಮೊದಲ ಅಕ್ಷರವನ್ನು ಎತ್ತಿ ಹಿಡಿಯುತ್ತೇವೆ, ಅವರು ಎರಡನೆಯದನ್ನು ಎತ್ತುತ್ತಾರೆ. ಅವರ ಮಾತು ನಮಗೆ ಓಡಿದಂತೆ ಕೇಳಿಸಲು ಕಾರಣ ವೇಗವೊಂದೇ ಅಲ್ಲ, ನಾವು ಕಾಯುತ್ತಿರುವ ಅಕ್ಷರಗಳು ಅವರ ಬಾಯಲ್ಲಿ ಅರ್ಧಕ್ಕೇ ಅಡಗುತ್ತವೆ. 'ಡಿಡ್ ಯೂ' ಎಂದು ಪುಸ್ತಕದಲ್ಲಿ ಓದಿದವರಿಗೆ 'ಡಿಜು' ಎಂಬ ಸದ್ದು ಬೇರೆ ಯಾವುದೋ ಪದದಂತೆ ತೋರುತ್ತದೆ.

ಇದಕ್ಕೆ ನಮ್ಮ ಕಲಿಕೆಯ ಕ್ರಮವೂ ಕಾರಣ. ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಬಹುಕಾಲ ಇಂಗ್ಲಿಷ್ ಪಾಠ ಶುರುವಾಗುತ್ತಿದ್ದದ್ದು ಐದನೇ ತರಗತಿಯಲ್ಲಿ. 2007ರ ಹೊತ್ತಿಗೆ ಸರ್ಕಾರ ಅದನ್ನು ಒಂದನೇ ತರಗತಿಗೆ ತಂದಿತು. ತರಗತಿ ಯಾವುದಾದರೂ ಕಲಿಸಿದ್ದು ಓದು, ಬರಹ, ವ್ಯಾಕರಣ, ಪ್ರಶ್ನೋತ್ತರ. ಕೇಳುವುದನ್ನು ಒಂದು ವಿದ್ಯೆಯೆಂದು ಕಲಿಸಿದ್ದು ತೀರ ಕಡಿಮೆ. ಕಣ್ಣಿನಿಂದ ಕಲಿತ ಭಾಷೆ ಕಿವಿಗೆ ಬಂದಾಗ ಅಪರಿಚಿತವಾಗುವುದು ಸಹಜ.

ಇಂಗ್ಲಿಷರಿಗೂ ಒಂದೇ ಧಾಟಿಯಿಲ್ಲ

ಪಠ್ಯಪುಸ್ತಕದ ಹಿಂದೆ 'ಸರಿಯಾದ ಇಂಗ್ಲಿಷ್ ಉಚ್ಚಾರಣೆ' ಎಂಬುದೊಂದು ಇದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಹಳೆಯ ಬಿಬಿಸಿ ವಾರ್ತೆಯ ಆ ಧಾಟಿಯನ್ನು ಬ್ರಿಟನ್ನಿನಲ್ಲಿಯೇ ಆಡುವವರು ಬಹಳ ಕಡಿಮೆ ಮಂದಿ. ಇಂಗ್ಲೆಂಡಿನ ಉತ್ತರಕ್ಕೆ ಹೋದರೆ 'ಬಸ್' ಎಂಬುದು 'ಬುಸ್', 'ಕಪ್' ಎಂಬುದು 'ಕುಪ್' ಎನ್ನುವಂತೆ ಕೇಳಿಸುತ್ತದೆ. ಲಂಡನ್ನಿನ ಬೀದಿಯಲ್ಲಿ 'ವಾಟರ್' ಪದದ ನಡುವಿನ ವ್ಯಂಜನ ಗಂಟಲಲ್ಲೇ ನಿಲ್ಲುತ್ತದೆ, ಅಮೆರಿಕದಲ್ಲಿ ಅದು 'ವಾಡರ್' ಆಗುತ್ತದೆ. ಆಸ್ಟ್ರೇಲಿಯದವರ 'ಟುಡೇ' ನಮಗೆ 'ಟುಡೈ' ಎನಿಸುತ್ತದೆ. ನ್ಯೂಜಿಲೆಂಡಿನವರ 'ಟೆನ್' 'ಟಿನ್' ಎನಿಸುತ್ತದೆ.

ಎಲ್ಲ ದನಿಗಳೂ ನಮಗೆ ಅಷ್ಟೇ ದೂರದವಲ್ಲ. ದಕ್ಷಿಣ ಇಂಗ್ಲೆಂಡಿನವರು 'ಕಾರ್' ಪದದ ಕೊನೆಯ ರಕಾರವನ್ನು ನುಡಿಯುವುದಿಲ್ಲ, ಸ್ಕಾಟ್ಲೆಂಡಿನವರು ಅದನ್ನು ನಮ್ಮ ಹಾಗೆಯೇ ಸ್ಪಷ್ಟವಾಗಿ ನುಡಿಯುತ್ತಾರೆ. 'ಥಿಂಕ್' ಪದದ ಮೊದಲ ಸದ್ದನ್ನು ಐರ್ಲೆಂಡಿನ ಅನೇಕರು ಹಲ್ಲಿಗೆ ನಾಲಗೆ ತಾಗಿಸಿ ನಮ್ಮ 'ತ'ಕಾರದ ಹತ್ತಿರ ತರುತ್ತಾರೆ. ಈ ಹೋಲಿಕೆಗಳನ್ನು ಮೊದಲೇ ಹೇಳಿಕೊಟ್ಟರೆ ಹೊರಟವರಿಗೂ, ಇಲ್ಲಿ ಬಂದವರನ್ನು ಎದುರುಗೊಳ್ಳುವವರಿಗೂ ಧೈರ್ಯ ಬರುತ್ತದೆ.

ಕನ್ನಡಿಗರ ಕಿವಿಗೆ ಈ ದನಿಗಳ ಪರಿಚಯ ಮಾಡಿಸಿದ ದೊಡ್ಡ ಪಾಠಶಾಲೆ ಕ್ರಿಕೆಟ್. ಹಳೇಬೀಡಿನಿಂದ ಅರಸೀಕೆರೆಯ ಕಡೆಗೆ ಬರುವಾಗ ಸಿಗುವ ಜಾವಗಲ್ ಎಂಬ ಊರಿನ ಹೆಸರು, ವೇಗದ ಬೌಲರ್ ಶ್ರೀನಾಥರ ಜೊತೆ ಸೇರಿ ವೀಕ್ಷಕ ವಿವರಣೆಗಾರರ ಬಾಯಲ್ಲಿ ಜಗತ್ತು ಸುತ್ತಿತು. ಆಸ್ಟ್ರೇಲಿಯದ ರಿಚೀ ಬೆನೊ, ಯಾರ್ಕ್‌ಶೈರಿನ ಜೆಫ್ರಿ ಬಾಯ್ಕಾಟ್, ಬಾರ್ಬಡೋಸ್‌ನ ಟೋನಿ ಕೋಜಿಯರ್, ಜಮೈಕಾದ ಮೈಕೆಲ್ ಹೋಲ್ಡಿಂಗ್ ಇವರ ಇಂಗ್ಲಿಷುಗಳು ಒಂದರಂತೆ ಒಂದಿಲ್ಲ. ಆದರೂ ತಾಲ್ಲೂಕು ಕೇಂದ್ರಗಳ ಹುಡುಗರು ಟಿ.ವಿ. ಮುಂದೆ ಕೂತು ಅವನ್ನೆಲ್ಲ ಹಿಂಬಾಲಿಸಿದರು. ಯಾರೂ ಅವರಿಗೆ ಉಚ್ಚಾರಣೆಯ ಪಾಠ ಹೇಳಲಿಲ್ಲ. ವಿಷಯ ಗೊತ್ತಿತ್ತು, ಚಿತ್ರ ಕಣ್ಣ ಮುಂದಿತ್ತು, ಕೇಳುವ ಆಸೆ ಇತ್ತು. ಈ ಮೂರು ಕೂಡಿದರೆ ಕಿವಿ ಕಲಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪುರಾವೆ ಬೇಡ.

ಅಧ್ಯಯನಗಳು ಕಂಡದ್ದು

ಈ ವಿಷಯದಲ್ಲಿ ಭಾರತದಲ್ಲೇ ಮಾಡಿದ ಮುಖ್ಯ ಕೆಲಸವಿದೆ. ಆರ್. ಕೆ. ಬನ್ಸಲ್ ಅವರು ಭಾರತೀಯರ ಇಂಗ್ಲಿಷ್ ಎಷ್ಟರ ಮಟ್ಟಿಗೆ ಅರ್ಥವಾಗುತ್ತದೆ ಎಂದು ಪರೀಕ್ಷಿಸಿದ ಅಧ್ಯಯನ 1969ರಲ್ಲಿ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯಿಂದ ಪ್ರಕಟವಾಯಿತು. ಬ್ರಿಟಿಷ್ ಕೇಳುಗರಿಗೆ ಭಾರತೀಯರ ಮಾತು ಸರಾಸರಿ ಶೇ. 70ರಷ್ಟು ತಿಳಿಯಿತು ಎಂದು ಅವರು ಕಂಡರು. ತಿಳಿಯದೆ ಹೋದದ್ದಕ್ಕೆ ಕಂಡ ಮುಖ್ಯ ಕಾರಣಗಳಲ್ಲಿ ಪದದ ಒತ್ತು ತಪ್ಪಿದ್ದೂ ಒಂದು. ಆ ಕಾಲದ ಅಧ್ಯಯನಗಳು ಬ್ರಿಟಿಷ್ ಕಿವಿಯನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದವು. ತಿದ್ದಿಕೊಳ್ಳಬೇಕಾದವರು ನಾವು ಎಂಬುದು ಮೊದಲೇ ತೀರ್ಮಾನವಾಗಿತ್ತು.

ಹತ್ತು ವರ್ಷದ ನಂತರ ಆ ಅಳತೆಗೋಲೇ ಪ್ರಶ್ನೆಗೆ ಒಳಗಾಯಿತು. ಲ್ಯಾರಿ ಸ್ಮಿತ್ ಮತ್ತು ಖಲೀಲುಲ್ಲಾ ರಫೀಕ್‌ಜಾದ್ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆ ಬೇರೆ ದೇಶದವರ ಇಂಗ್ಲಿಷನ್ನು ಹಲವು ದೇಶಗಳ ಜನರಿಗೆ ಕೇಳಿಸಲಾಯಿತು. ಇಂಗ್ಲಿಷ್ ಮನೆಮಾತಿನವರ ಮಾತೇ ಎಲ್ಲರಿಗೂ ಹೆಚ್ಚು ಅರ್ಥವಾಗುತ್ತದೆ ಎಂಬ ನಂಬಿಕೆ ಅಲ್ಲಿ ನಿಲ್ಲಲಿಲ್ಲ. ಟೆಸ್ಸಾ ಬೆಂಟ್ ಮತ್ತು ಆನ್ ಬ್ರ್ಯಾಡ್ಲೋ 2003ರಲ್ಲಿ ಇದನ್ನು ಇನ್ನೊಂದು ಕಡೆಯಿಂದ ತೋರಿಸಿದರು. ಇಂಗ್ಲಿಷನ್ನು ಕಲಿತು ಆಡುವವರಿಗೆ, ಹಾಗೆಯೇ ಕಲಿತ ಇತರರ ಮಾತು ಮನೆಮಾತಿನವರ ಮಾತಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಚೆನ್ನಾಗಿ, ತಿಳಿಯುತ್ತದೆ. ಬ್ರಿಟನ್ನಿನವರಿಗಿಂತ ಫ್ರಾನ್ಸಿನವರ ಇಂಗ್ಲಿಷ್ ಸಲೀಸು ಎಂದು ನಮ್ಮ ಗೈಡೊಬ್ಬರು ಹೇಳಿದರೆ ಅದಕ್ಕೆ ಆಧಾರವಿದೆ.

ಕೆನಡಾದ ಮರ್ರೆ ಮುನ್ರೋ ಮತ್ತು ಟ್ರೇಸಿ ಡರ್ವಿಂಗ್ 1995ರಲ್ಲಿ ತೋರಿಸಿದ ಸಂಗತಿ ಇನ್ನೂ ಮುಖ್ಯ. ಧಾಟಿ ಗಾಢವಾಗಿದೆ ಎನ್ನುವುದೂ ಮಾತು ಅರ್ಥವಾಗುವುದಿಲ್ಲ ಎನ್ನುವುದೂ ಬೇರೆ ಬೇರೆ. ತುಂಬಾ ಗಾಢ ಧಾಟಿಯವರು ಆಡಿದ್ದನ್ನೂ ಕೇಳುಗರು ಪದ ಬಿಡದೆ ಬರೆದುಕೊಳ್ಳಬಲ್ಲರು. ಅಂದರೆ ನಮ್ಮ ಊರಿನ ಗುರುತು ಅಳಿಸಿಕೊಳ್ಳದೆಯೂ ಸ್ಪಷ್ಟವಾಗಿ ಮಾತಾಡಬಹುದು.

ಕೇಳುವವರಿಗೂ ಸಮಾಧಾನದ ಸುದ್ದಿ ಇದೆ. ಕಾನ್‌ಸ್ಟನ್ಸ್ ಕ್ಲಾರ್ಕ್ ಮತ್ತು ಮೆರಿಲ್ ಗ್ಯಾರೆಟ್ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೊಸ ಧಾಟಿಯ ಮಾತು ಕೇಳತೊಡಗಿದಾಗ ನಿಧಾನಿಸಿದ ಕೇಳುಗರು ಒಂದು ನಿಮಿಷದೊಳಗೇ ಹೊಂದಿಕೊಳ್ಳತೊಡಗಿದರು. ಪ್ರಯೋಗಶಾಲೆಯ ಆ ಒಂದು ನಿಮಿಷ ಅರಸೀಕೆರೆಯ ಪ್ಲಾಟ್‌ಫಾರಂ ಗದ್ದಲದಲ್ಲಿ ಐದು ನಿಮಿಷ ಆಗಬಹುದು. ಆದರೂ ಮೊದಲ ವಾಕ್ಯ ತಿಳಿಯಲಿಲ್ಲವೆಂದು ಮಾತನ್ನೇ ಬಿಟ್ಟುಬಿಡಬಾರದು ಎಂಬ ಪಾಠ ಗಟ್ಟಿಯಾಗಿ ಉಳಿಯುತ್ತದೆ.

ಮನಸ್ಸು ಕಿವಿಯನ್ನು ಮುಚ್ಚಬಲ್ಲದು ಎಂಬುದಕ್ಕೂ ಪುರಾವೆ ಇದೆ. ಅಮೆರಿಕದ ಡೊನಾಲ್ಡ್ ರೂಬಿನ್ 1992ರಲ್ಲಿ ಒಂದೇ ಧ್ವನಿಮುದ್ರಿತ ಉಪನ್ಯಾಸವನ್ನು ವಿದ್ಯಾರ್ಥಿಗಳಿಗೆ ಕೇಳಿಸಿದರು. ಕೆಲವರಿಗೆ ಬಿಳಿಯ ಮಹಿಳೆಯ ಚಿತ್ರ ತೋರಿಸಿದರು, ಕೆಲವರಿಗೆ ಏಷ್ಯಾದ ಮಹಿಳೆಯ ಚಿತ್ರ. ದನಿ ಒಂದೇ ಆಗಿದ್ದರೂ ಏಷ್ಯಾದ ಮುಖ ನೋಡಿದವರಿಗೆ ಪಾಠ ಕಡಿಮೆ ತಿಳಿಯಿತು. 'ನಿಮ್ಮ ಇಂಗ್ಲಿಷ್ ಅರ್ಥವಾಗುತ್ತಿಲ್ಲ' ಎಂಬ ಮಾತು ಕೆಲವೊಮ್ಮೆ ಹೇಳುವವರ ನಾಲಗೆಯ ಬಗ್ಗೆ ಏನನ್ನೂ ಹೇಳುವುದಿಲ್ಲ, ಕೇಳುವವರ ಮನಸ್ಸಿನ ಬಗ್ಗೆ ಹೇಳುತ್ತದೆ.

ಹೊರೆ ಯಾರ ಮೇಲೆ?

ಇಷ್ಟೆಲ್ಲ ತಿಳಿದ ಮೇಲೂ ಹೊರೆ ಬೀಳುತ್ತಿರುವುದು ಒಂದೇ ಕಡೆ. ಬೇಲೂರಿನಲ್ಲಿ ಮಾತು ತಿಳಿಯದಿದ್ದರೆ ಗೈಡಿನ ಇಂಗ್ಲಿಷ್ ಸರಿಯಿಲ್ಲ ಎನ್ನುತ್ತೇವೆ. ಮ್ಯಾಂಚೆಸ್ಟರಿನಲ್ಲಿ ಮಾತು ತಿಳಿಯದಿದ್ದರೆ ನಮ್ಮ ಇಂಗ್ಲಿಷ್ ಸಾಲದು ಎಂದು ತಲೆ ತಗ್ಗಿಸುತ್ತೇವೆ. ಎರಡೂ ಸಲ ಸೋತವನು ಕನ್ನಡದವನೇ. 1990ರ ದಶಕದ ಕೊನೆಯಿಂದ ಬೆಂಗಳೂರಿನಲ್ಲಿ ಬೆಳೆದ ಕಾಲ್ ಸೆಂಟರುಗಳು ಈ ಏರುಪೇರನ್ನು ಒಂದು ತರಬೇತಿಯನ್ನಾಗಿಯೇ ಮಾಡಿದವು. ಸಾವಿರಾರು ಯುವಕ ಯುವತಿಯರು ತಮ್ಮ ಊರಿನ ಧಾಟಿಯನ್ನು ಬಿಟ್ಟು ಮಾತಾಡುವುದನ್ನು ಕಲಿತರು, ಅನೇಕರು ಕೆಲಸದ ಹೊತ್ತಿಗೆ ಹೆಸರನ್ನೂ ಬದಲಿಸಿಕೊಂಡರು. ಫೋನಿನ ಆ ತುದಿಯಲ್ಲಿದ್ದವರು ಏನನ್ನೂ ಕಲಿಯಬೇಕಾಗಲಿಲ್ಲ.

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಗೆ ಸೇರಿದ ನಮ್ಮ ವೈದ್ಯರದು ಇದಕ್ಕಿಂತ ನಾಜೂಕಿನ ಸ್ಥಿತಿ. ಅಲ್ಲಿಯ ಕನ್ನಡ ಬಳಗ 1983ರಲ್ಲಿ ಹುಟ್ಟಿದಾಗ ಅದರಲ್ಲಿ ವೈದ್ಯರು ಬಹಳ ಮಂದಿ ಇದ್ದರು. ಯಾರ್ಕ್‌ಶೈರಿನ ಗಣಿ ಕಾರ್ಮಿಕನಾಗಲಿ, ವೇಲ್ಸಿನ ಮುದುಕಿಯಾಗಲಿ ತಮ್ಮ ನೋವನ್ನು ಹೇಳಿಕೊಳ್ಳುವುದು ಪುಸ್ತಕದ ಇಂಗ್ಲಿಷಿನಲ್ಲಿ ಅಲ್ಲ. ನೋವಿನ ಮಾತನ್ನು ತಪ್ಪಾಗಿ ಕೇಳಿಸಿಕೊಳ್ಳುವಂತಿಲ್ಲ. ಮತ್ತೆ ಕೇಳಿ, ತಾವು ತಿಳಿದದ್ದನ್ನು ತಿರುಗಿ ಹೇಳಿ ಖಚಿತ ಮಾಡಿಕೊಳ್ಳುವುದು ವೈದ್ಯ ವೃತ್ತಿಯಲ್ಲಿ ಕರ್ತವ್ಯದ ಭಾಗ. ಅದನ್ನು ಅವಮಾನ ಎಂದು ಅಲ್ಲಿ ಯಾರೂ ಭಾವಿಸುವುದಿಲ್ಲ. ಪ್ರವಾಸದಲ್ಲಿಯೂ ಹಾಗೇಕೆ ಭಾವಿಸಬೇಕು?

ಈ ಕೀಳರಿಮೆಗೆ ಉತ್ತರ ಹಾಸನದಿಂದಲೇ ಬಂದದ್ದಿದೆ. 1908ರಲ್ಲಿ ಹಾಸನದಲ್ಲಿ ಹುಟ್ಟಿದ ರಾಜಾರಾವ್ 1938ರಲ್ಲಿ ಪ್ರಕಟಿಸಿದ 'ಕಾಂತಾಪುರ' ಕಾದಂಬರಿಯ ಮುನ್ನುಡಿಯಲ್ಲಿ, ಭಾರತೀಯರು ಇಂಗ್ಲಿಷರ ಹಾಗೆ ಬರೆಯಲಾರರು, ಬರೆಯಲೂ ಬಾರದು ಎಂದು ವಾದಿಸಿದರು. ಐರ್ಲೆಂಡಿನವರ, ಅಮೆರಿಕದವರ ಇಂಗ್ಲಿಷಿನಂತೆ ನಮ್ಮದೂ ತನ್ನ ಬಣ್ಣದ ಒಂದು ಪ್ರಭೇದವಾಗುತ್ತದೆ ಎಂಬುದು ಅವರ ನಿಲುವು. ಬರಹಕ್ಕೆ ಅವರು ಕೇಳಿದ ಹಕ್ಕನ್ನು ಮಾತಿಗೂ ಕೇಳಲು ನಾವು ಇನ್ನೂ ಹಿಂಜರಿಯುತ್ತಿದ್ದೇವೆ.

ಹಾಗೆಂದು ನಮ್ಮ ಧಾಟಿ ನಮ್ಮದು, ಬೇಕಾದರೆ ಕೇಳಿಕೊಳ್ಳಲಿ ಎಂದು ಕೂರುವುದೂ ಸರಿಯಲ್ಲ. ಮಾತು ಇರುವುದು ಇನ್ನೊಬ್ಬರನ್ನು ಮುಟ್ಟುವುದಕ್ಕೆ. ಕುಂದಾಪುರದವರು ಹಾಸನಕ್ಕೆ ಬಂದರೆ, ಧಾರವಾಡದವರು ಅರಸೀಕೆರೆಯಲ್ಲಿ ಇಳಿದರೆ ಏನಾಗುತ್ತದೆ? ಇಬ್ಬರೂ ಕೊಂಚ ನಿಧಾನಿಸುತ್ತಾರೆ, ತಮ್ಮ ಊರಿಗೇ ಮೀಸಲಾದ ಪದಗಳನ್ನು ತುಸು ಬದಿಗಿಡುತ್ತಾರೆ, 'ಏನಂದ್ರಿ?' ಎಂದು ಸಂಕೋಚವಿಲ್ಲದೆ ಕೇಳುತ್ತಾರೆ. ಯಾರೂ ತಮ್ಮ ಕನ್ನಡಕ್ಕೆ ನಾಚುವುದಿಲ್ಲ. ಕನ್ನಡದೊಳಗೆ ದಿನವೂ ನಡೆಸುವ ಈ ಹೊಂದಾಣಿಕೆಯನ್ನು ಇಂಗ್ಲಿಷಿಗೂ ದಾಟಿಸಿದರೆ ಸಮಸ್ಯೆ ಮುಕ್ಕಾಲು ಪಾಲು ಕರಗುತ್ತದೆ.

ಆಗಬೇಕಾದ ಕೆಲಸ

ಮೊದಲನೆಯದು ಗೈಡುಗಳಿಗೆ ಕೇಳುವ ತರಬೇತಿ. ಬೆಂಗಳೂರಿನಲ್ಲಿ 1963ರಿಂದ ಶಿಕ್ಷಕರಿಗೆ ಇಂಗ್ಲಿಷ್ ಬೋಧನೆಯ ತರಬೇತಿ ಕೊಡುತ್ತಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ಪ್ರವಾಸೋದ್ಯಮ ಇಲಾಖೆ ಅದರ ಜೊತೆ ಸೇರಿ, ಪ್ರವಾಸಿಗರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಆಸ್ಟ್ರೇಲಿಯ, ಸ್ಕಾಟ್ಲೆಂಡ್, ಅಮೆರಿಕ, ಜಪಾನ್, ಬಂಗಾಳ, ಪಂಜಾಬಿನವರ ದನಿಗಳಲ್ಲಿ ಮುದ್ರಿಸಿ ಕೊಟ್ಟರೆ ಸಾಕು. ಗೈಡುಗಳ ಕೈಯಲ್ಲಿ ಮೊಬೈಲು ಇದೆ, ಮಳೆಗಾಲದಲ್ಲಿ ಬಿಡುವೂ ಇದೆ.

ಎರಡನೆಯದು ಶಾಲೆಯದು. ಒಂದನೇ ತರಗತಿಯಿಂದ ಇಂಗ್ಲಿಷ್ ಕಲಿಸಲು ನಿರ್ಧರಿಸಿದ ರಾಜ್ಯ, ವಾರಕ್ಕೆ ಒಂದು ಅವಧಿಯನ್ನಾದರೂ ಕೇಳುವುದಕ್ಕೆ ಮೀಸಲಿಡಬೇಕು. ಆ ಅವಧಿಯಲ್ಲಿ ಬಿಬಿಸಿಯ ಧಾಟಿಯೊಂದನ್ನೇ ಕೇಳಿಸದೆ, ಚೆನ್ನೈ, ಕೋಲ್ಕತ್ತ, ಲಾಗೋಸ್, ಸಿಂಗಪುರದ ಇಂಗ್ಲಿಷನ್ನೂ ಕೇಳಿಸಬೇಕು.

ಮೂರನೆಯದು ಊರಿನ ಹೆಸರುಗಳದು. ಅರಸೀಕೆರೆಯ ರೈಲು ನಿಲ್ದಾಣ, ಹಾಸನದ ಬಸ್ ನಿಲ್ದಾಣ, ಬೇಲೂರು, ಹಳೇಬೀಡುಗಳ ಫಲಕಗಳಲ್ಲಿ ಹೆಸರನ್ನು ಕನ್ನಡದಲ್ಲಿ ಹೇಗೆ ನುಡಿಯಬೇಕೆಂದು ಕೇಳಿಸುವ ಕ್ಯೂಆರ್ ಸಂಕೇತ ಹಾಕುವುದಕ್ಕೆ ದೊಡ್ಡ ಖರ್ಚು ಬೀಳದು. 'ಹಾಸನ' ಎಂಬುದನ್ನು ಸರಿಯಾಗಿ ಕೇಳಿಕೊಂಡ ಪ್ರವಾಸಿಗೆ 'ಆಸ್ನ' ತಿಳಿಯುವುದು ಕಷ್ಟವಲ್ಲ. ಬರುವವರೂ ಅರ್ಧ ದಾರಿ ನಡೆದು ಬರಲಿ.

ಇನ್ನು ಹೊರಡುವವರಿಗೆ ಕೆಲವು ಮಾತು. ಹೋಗುವ ಊರಿನ ಸ್ಥಳೀಯ ರೇಡಿಯೋವನ್ನು ಒಂದೆರಡು ವಾರ ಮೊದಲೇ ಕೇಳಿ. ಅಂತರ್ಜಾಲದಲ್ಲಿ ಅದು ಪುಕ್ಕಟೆ ಸಿಗುತ್ತದೆ. ಇಂಗ್ಲಿಷ್ ಚಿತ್ರಗಳನ್ನು ಇಂಗ್ಲಿಷ್ ಅಡಿಬರಹ ಇಟ್ಟುಕೊಂಡು ನೋಡಿ, ಸದ್ದಿಗೂ ಅಕ್ಷರಕ್ಕೂ ನಂಟು ಬೆಳೆಯುತ್ತದೆ. ಸಂಖ್ಯೆ, ವೇಳೆ, ವಿಳಾಸಗಳನ್ನು ಬರೆಸಿಕೊಳ್ಳಿ. ಅರ್ಥವಾಗದಿದ್ದಾಗ 'ಯೆಸ್, ಯೆಸ್' ಎಂದು ತಲೆಯಾಡಿಸಬೇಡಿ, ಅದರಿಂದ ತಪ್ಪಿದ ರೈಲುಗಳೂ ತಪ್ಪಾದ ಔಷಧಿಗಳೂ ಬರುತ್ತವೆ. ಪೂರ್ತಿ ತಿಳಿಯದಿದ್ದರೆ ತಿಳಿದಷ್ಟನ್ನು ತಿರುಗಿ ಹೇಳಿ. ಆಗ ಎದುರಿನವರು ಬಿಟ್ಟುಹೋದದ್ದನ್ನು ಮಾತ್ರ ತುಂಬಿಕೊಡುತ್ತಾರೆ.

ಇಂಗ್ಲಿಷ್ ಇಂದು ಯಾವ ಒಂದು ಊರಿನ ಸೊತ್ತೂ ಅಲ್ಲ. ಅದನ್ನು ಕಲಿತು ಆಡುವವರ ಸಂಖ್ಯೆ ಮನೆಮಾತಾಗಿ ಆಡುವವರ ಸಂಖ್ಯೆಯನ್ನು ಎಂದೋ ಮೀರಿದೆ. ಆದ್ದರಿಂದ ತಿಳಿಯುವಂತೆ ಆಡುವುದು ಎಷ್ಟು ನಮ್ಮ ಹೊಣೆಯೋ, ತಾಳ್ಮೆಯಿಂದ ಕೇಳುವುದು ಅಷ್ಟೇ ಅವರ ಹೊಣೆ. ಮುಂದಿನ ಸಲ ಯಾರದಾದರೂ ಇಂಗ್ಲಿಷ್ ತಿಳಿಯದಿದ್ದರೆ ನಾಚದೆ ಇನ್ನೊಮ್ಮೆ ಕೇಳಿ. ನಿಮ್ಮ ಇಂಗ್ಲಿಷ್ ಅವರಿಗೆ ತಿಳಿಯದಿದ್ದರೆ ಬೇಸರಿಸದೆ ಇನ್ನೊಮ್ಮೆ ಹೇಳಿ.